ಹಂಡೆಯೊಳಗಿನ ದಿಮಿತ್ರಾ

ಗುದ್ದಲಿ 'ಠಣ್' ಎಂದಿತು. ತಿಮಿಯೋಸನ ಎದೆ ಅದಕ್ಕಿಂತ ಜೋರಾಗಿ ಹೊಡೆದುಕೊಂಡಿತು.

ಸ್ತಾರೊಖೋರಿ ಹಳ್ಳಿಯಲ್ಲಿ ನೆಲ ಅಗೆಯುವವನಿಗೆ ಆ ಸದ್ದಿಗಿಂತ ದೊಡ್ಡ ಭಯವಿಲ್ಲ. ಹಾವು ಬಂದರೆ ಓಡಿಸಬಹುದು, ನೀರು ಬಂದರೆ ಬಾವಿ ಕಟ್ಟಿಸಿಕೊಳ್ಳಬಹುದು. ಹಳೇ ಕಾಲದ ಕಲ್ಲು ಬಂತೆಂದರೆ ಮಾತ್ರ ಕತೆ ಮುಗಿಯಿತು. ಪ್ರಾಚ್ಯವಸ್ತು ಇಲಾಖೆಯವರು ಬರುತ್ತಾರೆ, ಸುತ್ತಲೂ ಕೆಂಪು-ಬಿಳಿ ಪಟ್ಟಿ ಕಟ್ಟುತ್ತಾರೆ, ಸ್ವಲ್ಪ ದಿನ ಏನನ್ನೂ ಮುಟ್ಟಬೇಡಿ ಎಂದು ವಿನಯದಿಂದ ಹೇಳಿ ಹೋಗುತ್ತಾರೆ. ಆ ಸ್ವಲ್ಪ ದಿನದಲ್ಲಿ ತೊಟ್ಟಿಲಿನ ಕೂಸುಗಳು ಬೆಳೆದು ಮಿಲಿಟರಿಗೆ ಹೋಗಿ ಬರುತ್ತವೆ.

ಪಕ್ಕದ ಮನೆಯ ಲಾಂಬ್ರೋಸನನ್ನೇ ನೋಡಿ. ಕಾರು ನಿಲ್ಲಿಸಲು ಒಂದು ಷೆಡ್ಡು ಕಟ್ಟೋಣವೆಂದು ಗುಂಡಿ ತೋಡಿದ. ಮಣ್ಣಿನ ಕೊಡದ ಹಿಡಿಕೆಯೊಂದು ಸಿಕ್ಕಿತು. ಪುಣ್ಯಾತ್ಮ ಅದನ್ನು ತಾನೇ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿ ಒಪ್ಪಿಸಿ ಬಂದ. ಅವತ್ತಿನಿಂದ ಗುಂಡಿಗೆ ಪಟ್ಟಿ, ಕಾರಿಗೆ ಹಿಪ್ಪುನೇರಳೆ ಮರದ ನೆರಳು, ಮರದ ಮೇಲಿನ ಹಕ್ಕಿಗಳಿಗೆ ಕಾರು. ಗುಂಡಿಯಲ್ಲಿ ಈಗ ಕೋಳಿಗಳು ಮೊಟ್ಟೆಯಿಡುತ್ತವೆ. ಊರಿನ ಕಾಫಿ ಅಂಗಡಿಯಲ್ಲಿ ಪ್ರಾಮಾಣಿಕತೆಯ ಮಾತು ಬಂದಾಗಲೆಲ್ಲ ಜನ ಲಾಂಬ್ರೋಸನ ಕಡೆ ನೋಡಿ ನಿಟ್ಟುಸಿರು ಬಿಡುತ್ತಾರೆ.

ತಿಮಿಯೋಸ್ ಕಟ್ಟಿಸುತ್ತಿದ್ದುದು ಷೆಡ್ಡಲ್ಲ, ಮಗಳ ಬಾಳು. ಅವನಿಗೆ ಇರುವವಳು ಲೆಮೊನಿಯಾ ಒಬ್ಬಳೇ. ಅವಳನ್ನು ಮದುವೆಯಾಗಲಿರುವ ಅರ್ಗಿರಿಸ್ ಆಥೆನ್ಸಿನಲ್ಲಿ ಮೆಟ್ರೋ ಓಡಿಸುವವನು, ಹಗಲೆಲ್ಲ ನೆಲದಡಿಯಲ್ಲೇ ಇರುವವನು. ಹುಡುಗ ಚಿನ್ನದಂಥವನು, ಕಷ್ಟವೆಲ್ಲ ಅವನ ತಾಯಿ ಎವ್ದೋಕಿಯಾಳದು. ಈಸ್ಟರ್ ಹಬ್ಬದೊಳಗೆ ನಿಮ್ಮ ಅಂಗಳದಲ್ಲಿ ಜೋಡಿಗೊಂದು ಕೋಣೆ ಎದ್ದರೆ ಇಲ್ಲೇ ಇರಲಿ, ಹುಡುಗ ಇಲ್ಲಿಂದಲೇ ಕೆಲಸಕ್ಕೆ ಓಡಾಡಲಿ, ಇಲ್ಲವಾದರೆ ಸೊಸೆ ನನ್ನ ಮನೆಗೆ ಬರುತ್ತಾಳೆ, ಅಷ್ಟೇ, ಎಂದು ಆಕೆ ನಿಶ್ಚಿತಾರ್ಥದ ದಿನವೇ ತೀರ್ಪು ಕೊಟ್ಟಿದ್ದಳು. ಮಗಳಿಲ್ಲದ ಊಟದ ಮೇಜನ್ನು ನೆನೆದರೆ ತಿಮಿಯೋಸ್ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದುಬಿಡುತ್ತಿದ್ದ. ಇವತ್ತು ಮಧ್ಯಾಹ್ನ ಕಾಂಕ್ರೀಟ್ ಲಾರಿ ಬಂದು ತಳಪಾಯ ತುಂಬಿಬಿಟ್ಟರೆ ಮಗಳು ಉಳಿದ ಹಾಗೆ.

ದಿನವನ್ನೂ ಅವನು ಯೋಚಿಸಿಯೇ ಆರಿಸಿದ್ದ. ಇವತ್ತು ಬಿತ್ತನೆಯ ಪನಾಯಿಯಾಳ, ಅಂದರೆ ದೇವಮಾತೆಯ ಹಬ್ಬ. ಹೊಲದಲ್ಲಿ ಅರ್ಧ ಬಿತ್ತನೆ ಮುಗಿದಿರುತ್ತದೆ. ಮನೆಮನೆಯಲ್ಲೂ ಗೋಧಿ, ಕಡಲೆ, ಅವರೆ, ಜೋಳ ಎಲ್ಲವನ್ನೂ ಒಟ್ಟಿಗೆ ಬೇಯಿಸಿ, ದಾಳಿಂಬೆ ಉದುರಿಸಿ, ದೇವಮಾತೆಯ ಗುಡಿಗೆ ಒಯ್ಯುತ್ತಾರೆ. ಅವಳು ಹರಸಿದರೆ ಉಳಿದರ್ಧ ಬಿತ್ತನೆಗೂ ಫಲ. ಊರಿಗೆ ಊರೇ ಗುಡಿಯಲ್ಲಿರುವಾಗ ತನ್ನ ಗುಂಡಿಯನ್ನು ಇಣುಕುವವರು ಯಾರೂ ಇರುವುದಿಲ್ಲವೆಂಬುದು ತಿಮಿಯೋಸನ ಲೆಕ್ಕಾಚಾರ. ಹಬ್ಬದ ದಿನ ಗುದ್ದಲಿ ಹಿಡಿಯುವವನ ಕೈ ಒಣಗುತ್ತದೆಂದು ಹೆಂಡತಿ ಗರುಫಾಲಿಯಾ ಎಷ್ಟು ಹೇಳಿದರೂ ಅವನು ಕೇಳಿರಲಿಲ್ಲ. ಬೆಳಗ್ಗೆ ಎದ್ದವನೇ, ಮೂಲೆಯೊಂದನ್ನು ಇನ್ನಷ್ಟು ಆಳ ಮಾಡೋಣವೆಂದು ಗುಂಡಿಗೆ ಇಳಿದಿದ್ದ.

ಈಗ ಮೊಣಕಾಲೂರಿ ಕೈಯಿಂದ ಮಣ್ಣು ಸರಿಸಿದ. ಒಂದು ಕಣ್ಣು ಅವನನ್ನು ನೋಡಿತು. ಇನ್ನಷ್ಟು ಸರಿಸಿದರೆ ಇನ್ನೊಂದು ಕಣ್ಣು, ನೆಟ್ಟಗಿನ ಮೂಗು, ಗಂಭೀರವಾದ ತುಟಿ. ಹೆಂಗಸಿನ ಕಲ್ಲಿನ ತಲೆ, ಕಲ್ಲಂಗಡಿ ಗಾತ್ರದ್ದು. ಜಡೆಯ ಸುತ್ತ ಗೋಧಿ ತೆನೆಯ ಕಿರೀಟ.

ತಿಮಿಯೋಸ್ ಓದಿದವನಲ್ಲ, ಆದರೂ ಗುರುತು ಹಿಡಿದ. ಪ್ರತಿ ಭಾನುವಾರ ಊರೆಲ್ಲ ಬಾಯಿಬಿಟ್ಟುಕೊಂಡು ನೋಡುವ ಟೀವಿ ಧಾರಾವಾಹಿಯಲ್ಲಿ ಹೆಸರುಗಳು ಬರುವಾಗ ತೋರಿಸುವ ಮುಖ ಇದೇ. ಅದೇ ಮೂಗು, ಅದೇ ತೆನೆ. ಬೆಳೆಯ ದೇವಿ ದಿಮಿತ್ರಾ. ಅಂದಮೇಲೆ ಇದು ಅಸಲಿ ಎಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ. ಸಾಲದ್ದಕ್ಕೆ ಆ ಧಾರಾವಾಹಿಯವರು ಹಬ್ಬವನ್ನು ಚಿತ್ರೀಕರಿಸಲೆಂದು ಇವತ್ತು ಊರಲ್ಲೇ ಬೀಡುಬಿಟ್ಟಿದ್ದರು. ಅವರ ಜೊತೆ ಸಲಹೆಗಾರಳಾಗಿ ಪ್ರಾಚ್ಯವಸ್ತುಗಳ ಅಧಿಕಾರಿ ಇಸ್ಮಿನಿಯೇ ಬಂದಿದ್ದಳು. ಲಾಂಬ್ರೋಸನ ಗುಂಡಿಗೆ ಪಟ್ಟಿ ಕಟ್ಟಿದವಳು ಅವಳೇ.

"ಏನು ತಿಮಿಯೋ, ಏನಾದ್ರೂ ಸಿಕ್ತಾ?"

ಮೇಲಿನಿಂದ ಬಂದ ದನಿ ದೇವಿಯದಲ್ಲ, ಆಚೆ ಮನೆಯ ಅಸಿಮೀನಾ ಅಜ್ಜಿಯದು. ಅವಳ ಮನೆಯ ಬಾಲ್ಕನಿ ನೇರವಾಗಿ ಇವನ ಗುಂಡಿಯನ್ನೇ ನೋಡುತ್ತದೆ. ಬಾಲ್ಕನಿ ನೋಡದಿದ್ದರೂ ಅವಳು ನೋಡುತ್ತಾಳೆ. ಊರಿನ ಯಾವ ಸುದ್ದಿಯೂ ಅವಳ ಬಾಯಲ್ಲಿ ಒಂದು ರಾತ್ರಿ ತಂಗಿದ್ದಿಲ್ಲ.

"ಈರುಳ್ಳಿ," ಎಂದ ತಿಮಿಯೋಸ್, ತಲೆಯ ಮೇಲೆ ಕುಳಿತುಕೊಂಡು.

"ಈರುಳ್ಳಿನಾ," ಎಂದು ಅಜ್ಜಿ ಸೆರಗಿನಂಥ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವಳ ಭುಜ ಕುಲುಕುತ್ತಿತ್ತು. ಅಳುವೋ ಕೆಮ್ಮೋ ತಿಮಿಯೋಸನಿಗೆ ತಿಳಿಯಲಿಲ್ಲ.

ತಲೆಯನ್ನು ಕೋಟಿನೊಳಗೆ ಅವುಚಿಕೊಂಡು, ದಿನ ತುಂಬಿದ ಬಸುರಿಯ ಹಾಗೆ ಹಿಂದಕ್ಕೆ ವಾಲಿ ನಡೆಯುತ್ತ ಅಡುಗೆಮನೆಗೆ ನುಗ್ಗಿದ. ಮಂಚದಡಿ ಇಡೋಣವೆಂದರೆ ಗರುಫಾಲಿಯಾ ಅದೇ ಕೋಣೆಯಲ್ಲಿ ಹಬ್ಬದ ಬಟ್ಟೆ ಹಾಕಿಕೊಳ್ಳುತ್ತಿದ್ದಳು. ಒಲೆಯೊಳಗೆ ಬೆಂಕಿ. ಬೀರು ಕಿರುಗುಟ್ಟುತ್ತದೆ. ಅಷ್ಟರಲ್ಲಿ ಹೆಂಡತಿಯ ಚಪ್ಪಲಿಯ ಸದ್ದು ಹತ್ತಿರ ಬಂತು. ಎದುರಿಗೆ ಬೆಂದ ಕಾಳಿನ ದೊಡ್ಡ ಹಂಡೆ ಆರುತ್ತಿತ್ತು. ತಿಮಿಯೋಸ್ ಎರಡು ಸಲ ಯೋಚಿಸಲಿಲ್ಲ. ದೇವಿ ಗೋಧಿಯೊಳಗೆ ಮುಳುಗಿದಳು. ಅವಳ ಮೇಲೆ ಕಾಳು ಸಮ ಮಾಡಿ ದಾಳಿಂಬೆಯನ್ನೂ ಉದುರಿಸಿದ.

"ಪರವಾಗಿಲ್ವೇ, ಇವತ್ತಾದ್ರೂ ಅಡುಗೆಮನೇಲಿ ಒಂದು ಕೆಲಸ ಮಾಡಿದ್ರಿ," ಎಂದಳು ಗರುಫಾಲಿಯಾ. "ಹಾಗೇ ಹಂಡೆ ಎತ್ಕೊಳ್ಳಿ. ಗುಡಿಗೆ ಹೊತ್ತಾಯ್ತು."

ಇವತ್ತು ಹಂಡೆ ಬೇಡ, ಒಂದು ಬಟ್ಟಲು ಸಾಕು ಎಂದು ತಿಮಿಯೋಸ್ ವಾದಿಸಿದ. ಸೊಂಟ ನೋವೆಂದ. ಕಡಲೆ ಹಳಸಿದೆ ಎಂದ. ಗರುಫಾಲಿಯಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬೀಗಿತ್ತಿ ಆಥೆನ್ಸಿಂದ ಬಂದು ಗುಡೀಲಿ ಕೂತಿದ್ದಾಳೆ. ಅವಳ ಎದುರಿಗೆ ನಾನು ಬಟ್ಟಲು ಹಿಡ್ಕೊಂಡು ನಿಲ್ಲಬೇಕಾ? ನಮ್ಮತ್ತೆ ಕಾಲದಿಂದ ಈ ಮನೆಯಿಂದ ಹಂಡೆ ಹೋಗಿದೆ. ಎತ್ತಿ."

ಎತ್ತಿದ. ದಾರಿಯುದ್ದಕ್ಕೂ ಅವನ ಬೆವರು ಕಾಳಿನೊಳಗೆ ತೊಟ್ಟಿಕ್ಕುತ್ತಿತ್ತು.

ಗುಡಿಯ ಅಂಗಳದಲ್ಲಿ ಸಂತೆಯ ಗದ್ದಲ. ಹಳೇ ಬಾವಿಯ ಕಟ್ಟೆಯ ಮೇಲೆ ದಿಮಿತ್ರಾಳ ಪಾತ್ರದ ನಟಿ ಕಪ್ಪು ಮುಸುಕು ಹಾಕಿಕೊಂಡು, ಕೊಳವೆಯಿಂದ ತಣ್ಣನೆಯ ಕಾಫಿ ಹೀರುತ್ತ ಕುಳಿತಿದ್ದಳು. ಕಳೆದ ಭಾನುವಾರವಷ್ಟೇ ಅವಳ ಮಗಳು ಪೆರ್ಸೆಫೋನಿಯನ್ನು ಪಾತಾಳದ ದೊರೆ ನೆಲ ಸೀಳಿ ಎತ್ತಿಕೊಂಡು ಹೋಗಿದ್ದ. ಊರಿನ ಮುದುಕಿಯರಿಗೆ ಅದನ್ನು ಸಹಿಸಲಾಗಿರಲಿಲ್ಲ. ಸುತ್ತ ಸೇರಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಮಗಳು ಕಾಣೆಯಾಗಿರುವಾಗ ಹೆತ್ತ ತಾಯಿಗೆ ಕಾಫಿ ಹೇಗೆ ಇಳಿಯುತ್ತದೆ ಎಂದು ಒಬ್ಬಳು ಕೇಳಿದರೆ, ಇನ್ನೊಬ್ಬಳು ಕಾಳಿನ ಬಟ್ಟಲನ್ನು ಅವಳ ಮಡಿಲಿಗಿಟ್ಟು, ತಿನ್ನು ತಾಯಿ, ಕೊನೆಯಲ್ಲಿ ಸಿಗುತ್ತಾಳಂತೆ, ನಮ್ಮ ಮೊಮ್ಮಗ ಪುಸ್ತಕದಲ್ಲಿ ಓದಿದ್ದಾನೆ ಎಂದು ಸಮಾಧಾನ ಮಾಡುತ್ತಿದ್ದಳು.

ಗಡ್ಡದ ನಿರ್ದೇಶಕ ತಿಮಿಯೋಸನನ್ನು ಕಂಡವನೇ ಕೈ ತಟ್ಟಿದ. ಈ ಮುಖ ನೋಡಿ, ಈ ನಡುಕ ನೋಡಿ, ಭಯಭಕ್ತಿ ಅಂದರೆ ಇದು; ಬೆಳಗ್ಗಿನಿಂದ ಎಲ್ಲರೂ ಕ್ಯಾಮೆರಾ ನೋಡಿ ಹಲ್ಲು ಕಿರಿಯುವವರೇ ಸಿಕ್ಕಿದ್ದರು ಎಂದು ಸಂತೋಷಪಟ್ಟ. ಹಂಡೆ ಹೊತ್ತು ಗುಡಿಯೊಳಗೆ ಹೋಗುವ ಭಕ್ತನ ಪಾತ್ರ ಅಲ್ಲೇ ತಿಮಿಯೋಸನ ಹೆಗಲೇರಿತು. ಧ್ವನಿಯವನು ಬಂದು ಕೋಟಿನ ಕಾಲರಿನೊಳಗೆ ಅವರೆಕಾಳಿನಷ್ಟು ಪುಟ್ಟ ಮೈಕು ಸಿಕ್ಕಿಸಿ, ಅದರ ಡಬ್ಬಿಯನ್ನು ಹಿಂದಿನ ಜೇಬಿಗೆ ಇಳಿಸಿದ. ಕೈ ಎರಡೂ ಹಂಡೆಗೆ ಅಂಟಿಕೊಂಡಿದ್ದ ತಿಮಿಯೋಸನಿಗೆ ಬೇಡವೆನ್ನಲೂ ಆಗಲಿಲ್ಲ. ಬಾಗಿಲಲ್ಲಿ ಎವ್ದೋಕಿಯಾ, ಬೀಗ ಟೀವಿಯಲ್ಲಿ ಬರುತ್ತಾನೆಂದು ಮೊದಲ ಬಾರಿಗೆ ಅವನನ್ನು ನೋಡಿ ನಕ್ಕಳು.

ಆಗಲೇ ಇಸ್ಮಿನಿ ಎದುರಾದಳು. ಸಣ್ಣ ಆಳು, ದೊಡ್ಡ ಕನ್ನಡಕ. ಹಂಡೆಯೊಳಗೆ ಬಗ್ಗಿ ಉಸಿರೆಳೆದುಕೊಂಡಳು.

"ಇದು ಯಾರ ಪೂಜೆ ಗೊತ್ತಾ? ದಿಮಿತ್ರಾದು. ಹೆಸರು ಬದಲಾಯ್ತು, ಗುಡಿ ಬದಲಾಯ್ತು, ಕಾಳು ಮಾತ್ರ ಅದೇ. ಅವಳು ಇವತ್ತಿಗೂ ನಿಮ್ಮ ಹಂಡೇಲೇ ಇದ್ದಾಳೆ, ತಿಮಿಯೋಸ್."

ತಿಮಿಯೋಸ್ ಹಂಡೆಯನ್ನು ಎದೆಗೆ ಅವುಚಿಕೊಂಡ. "ಇಲ್ಲ ತಾಯಿ," ಎಂದ. "ಬರೀ ಅವರೆ, ಗೋಧಿ. ನಾನೇ ಕಣ್ಣಾರೆ ನೋಡಿದೀನಿ."

ಅಲ್ಲೇ ನಿಂತಿದ್ದ ಪಾದ್ರಿ ಯೆರಾಸಿಮೋಸ್ ಮುಖ ಗಂಟಿಕ್ಕಿ, ಈ ಗುಡಿಯಲ್ಲಿ ಪನಾಯಿಯಾ ಒಬ್ಬಳೇ, ಬೇರೆ ಹೆಂಗಸರಿಗೆ ಜಾಗವಿಲ್ಲ ಎಂದು ಒಳಗೆ ಹೋದರು.

ಹಂಡೆಗಳೆಲ್ಲ ದೇವಮಾತೆಯ ಪಟದ ಎದುರು ಸಾಲಾಗಿ ಕುಳಿತವು. ಮಂತ್ರ ಸಾಗಿತು. ತಿಮಿಯೋಸ್ ಕೈ ಮುಗಿದು, ಪಟಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ಪಿಸುಗುಟ್ಟಿದ.

"ಅಮ್ಮಾ, ನಾನು ಕಳ್ಳ ಅಲ್ಲ. ನನಗೆ ಮಗಳು ಬೇಕು, ಅಷ್ಟೇ. ಹಂಡೇಲಿರೋ ತಲೆ ಹಳೇದಲ್ಲ ಅಂತ ಹೇಗಾದ್ರೂ ಮಾಡಿಬಿಡು. ನಿನ್ನಾಣೆ, ಇನ್ನು ಮುಂದೆ ನನ್ನ ನೆಲದಲ್ಲಿ ಒಂದು ಹಳೇ ಮಡಕೆ ಚೂರು ಸಿಕ್ಕಿದ್ರೂ ನಾನೇ ಕೂಗಿ ಹೇಳ್ತೀನಿ."

ಪಟದ ತಾಯಿ ಮಗುವನ್ನು ಎತ್ತಿಕೊಂಡಿದ್ದಳು. ಅವಳಿಗೂ ಒಂದೇ ಕೂಸು. ಅರ್ಥವಾಗಿರಬಹುದೆಂದು ತಿಮಿಯೋಸ್ ಅಂದುಕೊಂಡ.

ಪಾದ್ರಿ ತುಳಸಿ ಕಡ್ಡಿಯಿಂದ ತೀರ್ಥ ಚಿಮುಕಿಸಿದರು. ಹಂಚುವ ಹೊತ್ತಾಯಿತು. ಎಲ್ಲರಿಗಿಂತ ಹಿರಿಯಳು ಮೊದಲ ಸೌಟು ಹಾಕುವುದು ಸಂಪ್ರದಾಯವಾದ್ದರಿಂದ ಅಸಿಮೀನಾ ಅಜ್ಜಿ ಮುಂದೆ ಬಂದಳು. ಎಲ್ಲಕ್ಕಿಂತ ದೊಡ್ಡ ಹಂಡೆಯೇ ಇರಲಿ, ಸೌಟು ಆಳಕ್ಕೆ ಹೋಗಲಿ ಎಂದು ನಿರ್ದೇಶಕ ಕೂಗಿದ. ತಿಮಿಯೋಸ್ ಕ್ಯಾಮೆರಾಕ್ಕೆ ಅಡ್ಡ ನಿಂತ. ಯಾರೋ ಪಕ್ಕಕ್ಕೆ ಸರಿಸಿದರು. ಸೌಟು ಇಳಿಯಿತು. 'ಟಕ್.'

"ಗರುಫಾಲಿಯಾ, ನಿನ್ನ ಕಡಲೆ ಬೆಂದಿಲ್ವಲ್ಲೇ," ಎಂದಳು ಅಜ್ಜಿ.

ಗರುಫಾಲಿಯಾಳ ಮುಖ ಕೆಂಪೇರಿತು. ಅಜ್ಜಿ ಮತ್ತೊಮ್ಮೆ ಸೌಟು ಹಾಕಿ ಬಲವಾಗಿ ಮೀಟಿದಳು. ಕಾಳು ಎರಡು ಭಾಗವಾಗಿ, ನಡುವಿನಿಂದ ನೆಟ್ಟಗಿನ ಮೂಗು ಮೇಲೆದ್ದಿತು. ಮೂಗಿನ ತುದಿಯಲ್ಲಿ ಒಂದು ದಾಳಿಂಬೆ ಕಾಳು. ಆಮೇಲೆ ಕಣ್ಣು, ಆಮೇಲೆ ತೆನೆಯ ಕಿರೀಟ. ಹೆಂಗಸರು ಶಿಲುಬೆ ಗುರುತು ಮಾಡಿಕೊಂಡರು. ಪಾದ್ರಿಯ ತುಳಸಿ ಕಡ್ಡಿ ನಡುಗಾಳಿಯಲ್ಲೇ ನಿಂತಿತು. ತಾನು ಈಗಷ್ಟೇ ಯಾರಿಗೆ ತೀರ್ಥ ಹಾಕಿದೆನೆಂಬುದು ಅವರಿಗೆ ಹೊಳೆಯುತ್ತಿತ್ತು.

ತಿಮಿಯೋಸ್ ನೆಲದ ಮೇಲೆ ಕುಸಿದು ಕುಳಿತ. ಎಲ್ಲವನ್ನೂ ಒದರಿದ. ಗುಂಡಿ, ಮಗಳು, ಲಾರಿ, ಬೀಗಿತ್ತಿ, ಬಾಲ್ಕನಿ. ಕಟ್ಟಿಹಾಕಿ ನಿಮ್ಮ ಪಟ್ಟಿಯನ್ನು, ನನ್ನ ಕುತ್ತಿಗೆಗೇ ಕಟ್ಟಿ ಎಂದು ಇಸ್ಮಿನಿಯ ಕಡೆ ಕೈ ಚಾಚಿದ.

ಆಗ ಅಸಿಮೀನಾ ಅಜ್ಜಿಗೆ ತಡೆಯಲಾಗಲಿಲ್ಲ. ಸೌಟು ಹಿಡಿದುಕೊಂಡೇ ಹೊಟ್ಟೆ ಹಿಡಿದು ನಕ್ಕಳು. ನಿನ್ನೆ ಸಂಜೆ ತಿಮಿಯೋಸ್ ಕಾಫಿ ಅಂಗಡಿಗೆ, ಮನೆಯವರು ಹಬ್ಬದ ಕಾಳು ತರಲು ಹೋಗಿದ್ದಾಗ ಟೀವಿಯವರು ಬಂದಿದ್ದರಂತೆ. ರೈತನೊಬ್ಬನಿಗೆ ನೆಲದಲ್ಲಿ ದೇವಿ ಸಿಗುವ ದೃಶ್ಯಕ್ಕೆ ಅವರಿಗೊಂದು ಗುಂಡಿ ಬೇಕಿತ್ತು. ಲಾಂಬ್ರೋಸನ ಗುಂಡಿಗೆ ಇಸ್ಮಿನಿ ಬಿಡಲಿಲ್ಲ. ಆಗ ಅಜ್ಜಿಯೇ ಬಾಲ್ಕನಿಯಿಂದ, ತಿಮಿಯೋಸ್ ನಮ್ಮವನೇ, ಇಲ್ಲಿ ಹೂಳಿ ಎಂದು ಅವನ ಪರವಾಗಿ ಅಪ್ಪಣೆ ಕೊಟ್ಟಿದ್ದಳು. ಕತೆ ಮೊದಲೇ ಹೊರಬೀಳಬಾರದು, ಯಾರಿಗೂ ಹೇಳಬೇಡಿ ಎಂದು ಅವರು ಮಾತು ತೆಗೆದುಕೊಂಡಿದ್ದರು. ಜೀವಮಾನದಲ್ಲಿ ಅಜ್ಜಿ ಉಳಿಸಿಕೊಂಡ ಗುಟ್ಟು ಅದೊಂದೇ. ಅದೂ ತಿಮಿಯೋಸನ ಪಾಲಿಗೇ ಬರಬೇಕೇ. ಇವತ್ತು ಮಧ್ಯಾಹ್ನ ನಟನೊಬ್ಬ ಅಗೆಯಬೇಕಿತ್ತು. ಹಬ್ಬದ ದಿನ ಊರಲ್ಲಿ ಇನ್ನೊಬ್ಬ ಗುದ್ದಲಿ ಹಿಡಿದಾನೆಂದು ಯಾರಿಗೂ ಹೊಳೆದಿರಲಿಲ್ಲ.

ಇಸ್ಮಿನಿ ತಲೆಯನ್ನೆತ್ತಿ, ಕಾಳು ಒರೆಸಿ, ಕುತ್ತಿಗೆಯ ಅಡಿ ತೋರಿಸಿದಳು. ಅಲ್ಲಿ ಅಚ್ಚು ಹಾಕಿದವರ ಮುದ್ರೆ ಇತ್ತು. ಸಿಮೆಂಟು, ಅದರ ಮೇಲೆ ಅಮೃತಶಿಲೆಯ ಪುಡಿ.

ಗುಡಿ ಬಿದ್ದುಹೋಗುವಂತೆ ಜನ ನಕ್ಕರು. ಪಾದ್ರಿಗೂ ಉಸಿರು ಬಂತು. ಸಿಮೆಂಟಿಗೆ ತೀರ್ಥ ಹಾಕಿದರೆ ಪಾಪವಿಲ್ಲ. ಇಷ್ಟು ಚೆಂದದ ದೃಶ್ಯ ಬರೆದರೂ ಬರುತ್ತಿರಲಿಲ್ಲ, ಇನ್ನು ಗುಂಡಿಯ ಅಗತ್ಯವೇ ಇಲ್ಲ ಎಂದು ನಿರ್ದೇಶಕ ತಿಮಿಯೋಸನನ್ನು ಅಪ್ಪಿಕೊಂಡ. ಎಲ್ಲಕ್ಕಿಂತ ಹೆಚ್ಚಾಗಿ, ಎವ್ದೋಕಿಯಾ ಕಣ್ಣೊರೆಸಿಕೊಳ್ಳುತ್ತ ಬಂದಳು.

"ಮಗಳಿಗೋಸ್ಕರ ದೇವರನ್ನೇ ಬೇಯಿಸಿದ ಅಪ್ಪನ್ನ ನಾನು ನೋಡಿರ್ಲಿಲ್ಲ," ಎಂದಳು. "ಕಟ್ಟಿಸಿ ಬೀಗರೇ, ಕೋಣೆ. ಹುಡುಗಿ ಇಲ್ಲೇ ಇರ್ಲಿ."

ತಿಮಿಯೋಸ್ ಪಟಕ್ಕೆ ಮುತ್ತಿಟ್ಟ, ಬೀಗಿತ್ತಿಗೆ ಮುತ್ತಿಟ್ಟ, ಅಡ್ಡ ಬಂದ ಅಸಿಮೀನಾ ಅಜ್ಜಿಗೂ ಮುತ್ತಿಟ್ಟ. ಯಾರೋ ಕೊಟ್ಟ ದ್ರಾಕ್ಷಿಯ ಸಾರಾಯಿಯನ್ನು ಒಂದೇ ಗುಟುಕಿಗೆ ಇಳಿಸಿ, ಜನ ಇನ್ನೂ ಕಾಳು ತಿನ್ನುತ್ತಿರುವಾಗಲೇ ಹಾರುವ ಹೆಜ್ಜೆಯಲ್ಲಿ ಮನೆಗೆ ಬಂದ. ಗುಡಿಯ ಹಿಂದಿನ ಗಲ್ಲಿಯಲ್ಲೇ ಅವನ ಮನೆ. ಕಾಂಕ್ರೀಟ್ ಲಾರಿ ಆಗಲೇ ಹೊಟ್ಟೆ ತಿರುಗಿಸುತ್ತ ಹಿಂದುಹಿಂದಕ್ಕೆ ಅಂಗಳಕ್ಕೆ ಬರುತ್ತಿತ್ತು.

ದೇವಿಯನ್ನು ಕಿತ್ತ ಜಾಗ ಹಳ್ಳವಾಗಿತ್ತು. ಅದೊಂದನ್ನು ಸಮ ಮಾಡೋಣವೆಂದು ಗುಂಡಿಗೆ ಹಾರಿ ಗುದ್ದಲಿ ಬೀಸಿದ.

'ಠಣ್.'

ಈ ಸಲ ಸದ್ದು ಬೇರೆ ಥರ ಇತ್ತು. ಬಗ್ಗಿ ಮಣ್ಣು ಕೆರೆದ. ಕೆತ್ತಿದ ಕಲ್ಲು. ಅದರ ಪಕ್ಕಕ್ಕೆ ಇನ್ನೊಂದು, ಕೂದಲು ತೂರದಷ್ಟು ಬಿಗಿಯಾಗಿ. ಅದರ ಪಕ್ಕಕ್ಕೆ ಮತ್ತೊಂದು. ಸಾಲು ನೇರವಾಗಿ ಮನೆಯ ಕಡೆ ಹೋಗಿತ್ತು. ಟೀವಿಯವರು ತಲೆ ಹೂಳಬಲ್ಲರು, ಗೋಡೆ ಹೂಳಲಾರರು.

ತಿಮಿಯೋಸ್ ಬಾಲ್ಕನಿ ನೋಡಿದ. ಖಾಲಿ. ಗೇಟು ನೋಡಿದ. ಯಾರೂ ಇಲ್ಲ. ಲಾರಿಯವನು ಸಿಗರೇಟು ಹಚ್ಚುತ್ತಿದ್ದ. ತಿಮಿಯೋಸ್ ಮೆಲ್ಲಗೆ ಸಿಮೆಂಟಿನ ಖಾಲಿ ಚೀಲ ಎಳೆದು ಕಲ್ಲಿನ ಮೇಲೆ ಹಾಸಿದ. ಮನಸ್ಸು ಚುಚ್ಚಿತು. ಆಕಾಶದ ಕಡೆ ನೋಡಿ ಪಿಸುಗುಟ್ಟಿದ.

"ಅಮ್ಮಾ ಪನಾಯಿಯಾ, ನಾನೇನೂ ನೋಡ್ಲಿಲ್ಲ. ನೀನೂ ನೋಡ್ಲಿಲ್ಲ. ಮಾತು ಕೊಟ್ಟಿದ್ದು ನಿಜ, ಆದ್ರೆ ಅದು ಗುಡೀಲಿ, ಇದು ಮನೆ. ಅದೂ ಅಲ್ದೆ ಇದು ದೇವರಲ್ಲ, ಬರೀ ಗೋಡೆ. ಎಂಥಾ ಜೋಡಣೆ ಮಾಡಿದಾನೆ ಪುಣ್ಯಾತ್ಮ, ಗಾರೆ ಇಲ್ದೆ... ಆದ್ರೂ ಬರೀ ಗೋಡೆ." ಆಮೇಲೆ ಲಾರಿಯವನಿಗೆ ಕೈಯೆತ್ತಿ ಕೂಗಿದ: "ಬಿಡಪ್ಪಾ, ಬಿಡು."

"ಬಿಡಬೇಡಿ," ಎಂದಿತು ಗೇಟಿನ ಕಡೆಯಿಂದ ಒಂದು ಸಣ್ಣ ದನಿ.

ಇಸ್ಮಿನಿ ನಿಂತಿದ್ದಳು. ಹಬ್ಬದ ಗದ್ದಲದಿಂದ ಓಡಿಬಂದ ಏದುಸಿರು. ಅವಳ ಕಿವಿಯ ಮೇಲೆ ಎರಡು ಕಪ್ಪು ಬಟ್ಟಲುಗಳಂಥ ಹೆಡ್‌ಫೋನು. ಹಿಂದೆ ಅದರ ಮಾಲೀಕ, ಧ್ವನಿಯವನು, ಸಂಕೋಚದಿಂದ ನೆಲ ನೋಡುತ್ತಿದ್ದ.

"ಮೈಕು ವಾಪಸ್ ಇಸ್ಕೊಳ್ಳೋಕೆ ಹೊರಟಿದ್ವಿ," ಎಂದಳು. "ನೀವು ಬಿಚ್ಚಿಕೊಡೋದು ಮರೆತು ಬಂದ್ಬಿಟ್ರಿ. ಗಾರೆ ಇಲ್ದೆ ಜೋಡಿಸಿದಾರೆ ಅಂದ್ರಲ್ಲ, ಸ್ವಲ್ಪ ಆ ಚೀಲ ಸರಿಸ್ತೀರಾ?"

ತಿಮಿಯೋಸನ ಕೈ ಕಾಲರಿಗೆ ಹೋಯಿತು. ಅವರೆಕಾಳಿನಷ್ಟು ಮೈಕು ಅಲ್ಲೇ ಇತ್ತು.

"ಬೆಳಗ್ಗೆ ಅಮ್ಮನಿಗೆ ಕೊಟ್ಟ ಮಾತೂ ಚೆನ್ನಾಗಿ ರೆಕಾರ್ಡ್ ಆಗಿದೆ," ಎಂದ ಧ್ವನಿಯವನು, ಸಮಾಧಾನ ಮಾಡುವವನ ಹಾಗೆ. "ಒಂದು ಚೂರು ಗರಗರ ಇಲ್ಲ."

ಇಸ್ಮಿನಿ ಗುಂಡಿಗಿಳಿದು ಕಲ್ಲಿನ ಮೇಲೆ ಕೈಯಾಡಿಸಿದಳು. ಕನ್ನಡಕ ತೆಗೆದು ಒರೆಸಿಕೊಂಡಳು. ಈ ಊರಿನ ಹೆಂಗಸರು ಈ ಗುಡಿಗೇ ಏಕೆ ಕಾಳು ತರುತ್ತಾರೆಂದು ಓದಿದವರೆಲ್ಲ ತಲೆ ಕೆಡಿಸಿಕೊಂಡಿದ್ದರಂತೆ. ದಿಮಿತ್ರಾಳ ಹಳೇ ಗುಡಿ ಇಲ್ಲೆಲ್ಲೋ ಇರಬೇಕೆಂದು ಹುಡುಕಿ ಹುಡುಕಿ ಸೋತಿದ್ದರಂತೆ. ಅದನ್ನೆಲ್ಲ ಹೇಳುವಾಗ ಅವಳ ದನಿ ನಡುಗಿತು. ತಿಮಿಯೋಸ್ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ.

ಪಟ್ಟಿ ಬಂತು. ಕೆಂಪು-ಬಿಳಿ, ಗುಂಡಿಯಿಂದ ಅಂಗಳದವರೆಗೆ, ಅಂಗಳದಿಂದ ಕೋಳಿಗೂಡಿನವರೆಗೆ. ಲಾರಿಯವನು ಗಟ್ಟಿಯಾಗುವ ಕಾಂಕ್ರೀಟನ್ನು ಎಲ್ಲಿ ಸುರಿಯಲಿ ಎಂದು ಬೊಬ್ಬೆ ಹಾಕಿದ. ಪಾದ್ರಿ ಯೆರಾಸಿಮೋಸ್ ಓಡಿಬಂದು ಅದನ್ನು ಗುಡಿಯ ಕೆಸರಂಗಳಕ್ಕೆ ತಿರುಗಿಸಿಕೊಂಡು, ತಿಮಿಯೋಸನ ಹರಕೆ ಎಂದು ಊರಿಗೆಲ್ಲ ಸಾರಿದರು. ಹೆಂಡತಿ ಮತ್ತು ಬೀಗಿತ್ತಿ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಮಾತಾಡಿ, ಕೈ ಕುಲುಕಿಕೊಂಡು ಹೊರಬಂದರು. ಕೋಣೆ ಇಲ್ಲವಾದ್ದರಿಂದ ಲೆಮೊನಿಯಾ ಚಳಿಗಾಲದ ಆರು ತಿಂಗಳು ಎವ್ದೋಕಿಯಾಳ ಮನೆಯಲ್ಲಿ, ಬೇಸಿಗೆಯ ಆರು ತಿಂಗಳು ಇಲ್ಲಿ ಎಂದು ತೀರ್ಮಾನವಾಗಿತ್ತು. ಅದನ್ನು ಕೇಳಿದ ನಿರ್ದೇಶಕ, ಅಯ್ಯೋ, ಪೆರ್ಸೆಫೋನಿ ಆರು ತಿಂಗಳು ಪಾತಾಳದಲ್ಲಿ, ಆರು ತಿಂಗಳು ತಾಯಿಯ ಬಳಿ, ಇದು ನಮ್ಮ ಕೊನೆಯ ಕಂತು, ನಿಮಗೆ ಯಾರು ಹೇಳಿದರು ಎಂದು ಗಾಬರಿಯಾದ.

"ಬೇಸಿಗೇಲಿ ಬಂದಾಗ ಎಲ್ಲಿ ಮಲಗ್ತಾರೆ?" ಎಂದು ತಿಮಿಯೋಸ್ ಕೇಳಿದ.

"ನಮ್ಮ ಕೋಣೆ ಇದೆಯಲ್ಲ," ಎಂದಳು ಗರುಫಾಲಿಯಾ. "ನಾನು ಅಡುಗೆಮನೇಲಿ ಮಲಗ್ತೀನಿ. ನೀವು ಎಲ್ಲಾದ್ರೂ."

ಬೇಲಿಯಾಚೆಯಿಂದ ಲಾಂಬ್ರೋಸ್ ಬಂದ. ಮುಖದಲ್ಲಿ ದುಃಖವಿರಬೇಕೆಂದು ಬಹಳ ಪ್ರಯತ್ನಪಡುತ್ತಿದ್ದ. ಕಂಕುಳಲ್ಲಿ ಒಂದು ಕಂದು ಕೋಳಿ ಇತ್ತು. ಅದನ್ನು ತಿಮಿಯೋಸನ ಕೈಗಿಟ್ಟ.

"ಮೊದಮೊದಲು ಕಷ್ಟ ಆಗುತ್ತೆ," ಎಂದ. "ಆಮೇಲೆ ಕೋಳಿಗೆ ಅಭ್ಯಾಸ ಆಗ್ಬಿಡುತ್ತೆ."

ಎಲ್ಲರೂ ಹೋದರು. ಧ್ವನಿಯವನು ಮೈಕನ್ನೂ ಡಬ್ಬಿಯನ್ನೂ ಜೋಪಾನವಾಗಿ ಬಿಚ್ಚಿಕೊಂಡು ಹೋದ. ತಿಮಿಯೋಸ್ ಕೋಳಿಯನ್ನು ಎದೆಗವಚಿಕೊಂಡು ಪಟ್ಟಿಯ ಪಕ್ಕ ನಿಂತು, ಕೆಳಗಿನ ಕಲ್ಲುಗಳ ಕಡೆ ಬಗ್ಗಿ, ದಿಮಿತ್ರಾಳಿಗೆ ತನ್ನ ಮನಸ್ಸಿನಲ್ಲಿರುವುದನ್ನೆಲ್ಲ ಮೆಲ್ಲನೆ, ಪದ ಬಿಡದೆ ಹೇಳಿ ಮುಗಿಸಿದ. ಈಗಂತೂ ಯಾರಿಗೂ ಕೇಳಿಸುವುದಿಲ್ಲವೆಂಬ ನೆಮ್ಮದಿಯಿಂದ ತಲೆಯೆತ್ತಿದ.

"ನನಗೆ ಕೇಳಿಸ್ತು ಕಣೋ ತಿಮಿಯೋ," ಎಂದಳು ಬಾಲ್ಕನಿಯಿಂದ ಅಸಿಮೀನಾ ಅಜ್ಜಿ, ಶಾಲು ಹೊದ್ದು ಹೊರಡುತ್ತ. "ಯಾರಿಗೂ ಹೇಳಲ್ಲ, ಬಿಡು."